ಹಾಲಮ್ಮನ ಬಸ್ಸು ಕೆಟ್ಟು ನಿಂತದ್ದು

ನಮ್ಮೂರಿನ ಹೊಳೆಗೆ ಹೆದ್ದಾರಿಯವರು ಹೊಸ ಸೇತುವೆ ಕಟ್ಟಿ ಮುಗಿಸಿದ ಮರುದಿನವೇ ಹಾಲಮ್ಮ ಅದರ ಮೇಲೆ ಕಾಲಿಡಲು ಹೋಗಿ ಬೈಸಿಕೊಂಡು ಬಂದಳು. ಬೈಸಿಕೊಂಡಳು ಅಂದರೆ ಗೇಟಿನ ಶಿವಯೋಗಿಗೆ ಅನ್ಯಾಯ ಮಾಡಿದ ಹಾಗಾದೀತು, ಅವನು ಬೈಯುವ ಜಾಯಮಾನದವನಲ್ಲ. ಕೈಯಲ್ಲಿದ್ದ ಕೆಂಪು ಬಾವುಟವನ್ನು ಅಡ್ಡ ಹಿಡಿದು, ಬಹಳ ಮರ್ಯಾದೆಯಿಂದ, "ಅಕ್ಕಾರೆ, ಬೋರ್ಡು ನೋಡ್ರಿ. ವಾಹನಗಳಿಗೆ ಮಾತ್ರ ಅಂತ ಐತೆ. ನೀವು ಪಾದಚಾರಿ" ಅಂದ.

ಹಾಲಮ್ಮನನ್ನು ಅಲ್ಲಿಯವರೆಗೆ ಯಾರೂ ಹಾಗೆ ಕರೆದಿರಲಿಲ್ಲ. "ಏನಂದಿ? ಇನ್ನೊಂದ್ಸಲ ಅನ್ನು ನೋಡಾನ."

"ಪಾದಚಾರಿ ಅಂದೆ, ಅಕ್ಕ."

"ನಿಮ್ಮಪ್ಪ ಪಾದಚಾರಿ! ನಿಮ್ಮಜ್ಜ ಪಾದಚಾರಿ!"

"ಹೌದಕ್ಕ, ಇಬ್ರೂ ನಡ್ಕೊಂಡೇ ಓಡಾಡ್ತಿದ್ರು" ಅಂತ ಶಿವಯೋಗಿ ತಲೆ ಬಾಗಿಸಿದ. ಇಂಥವನ ಹತ್ತಿರ ಜಗಳ ಮಾಡಿ ಏನು ಸುಖ? ಹಾಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ವಾಪಸು ಬಂದಳು.

ನಮ್ಮೂರಿನಲ್ಲಿ ಬೋರ್ಡಿನ ಮೇಲೆ ಏನು ಬರೆದಿರುತ್ತದೋ ಅದು ಹಾಗೇ. ಅದಕ್ಕೆ ಎದುರು ಮಾತಿಲ್ಲ. ಹಿಂದೊಮ್ಮೆ ದೊಡ್ಡ ಚರಂಡಿಯ ಪಕ್ಕ ಯಾರೋ 'ಉದ್ಯಾನವನ' ಅಂತ ಬೋರ್ಡು ನೆಟ್ಟರು. ಜನ ಸಂಜೆ ಹೊತ್ತು ಮಕ್ಕಳನ್ನು ಕರೆದುಕೊಂಡು ಹೋಗಿ ಅಲ್ಲಿ ಕೂತರು, ಎರಡು ತಿಂಗಳಿಗೆಲ್ಲ ಮಲ್ಲಿಗೆಯ ವಾಸನೆ ಬರತೊಡಗಿತು. ಕಂಪೌಂಡರ್ ಫಕ್ಕೀರಪ್ಪನ ಮನೆಯ ಮೇಲೆ ಪೇಂಟರ್ ಮೆಹಬೂಬ 'ಔಷಧಾಲಯ' ಬರೆಯಲು ಹೋಗಿ ಕೈತಪ್ಪಿ 'ನ್ಯಾಯಾಲಯ' ಅಂತ ಬರೆದುಬಿಟ್ಟ. ಫಕ್ಕೀರಪ್ಪ ಎರಡು ದಿನ ಅತ್ತ, ಮೂರನೆಯ ದಿನದಿಂದ ತೀರ್ಪು ಕೊಡಲು ಶುರುಮಾಡಿದ. ಒಳ್ಳೆಯ ತೀರ್ಪುಗಳೇ. ಹಾಗಾಗಿ ಸೇತುವೆಯ ಬೋರ್ಡನ್ನು ಕಿತ್ತೆಸೆಯುವ ಯೋಚನೆ ಯಾರಿಗೂ ಬರಲಿಲ್ಲ. ಹಳೆಯ ಕಲ್ಲುಸೇತುವೆಯನ್ನು ಹೊಸದು ಕಟ್ಟುವಾಗಲೇ ಒಡೆದು ಹಾಕಿದ್ದರು. ಊರು ಈಚೆ, ದುಡಿಮೆ ಆಚೆ, ನಡುವೆ ಹೊಳೆ.

ಆಚೆ ದಡದಲ್ಲಿ ಸಾಲಾಗಿ ಮಂಡಕ್ಕಿ ಭಟ್ಟಿಗಳಿದ್ದವು. ಕಾದ ಮರಳಿನ ಮೇಲೆ ಅಕ್ಕಿ ಎರಚಿ, ಅದು ಚಟಪಟ ಅರಳಿ ಬಾಣಲೆಯ ಬಾಯಿಗೆ ಬರುವಷ್ಟರಲ್ಲಿ ಜರಡಿ ಕೊಟ್ಟು ಎತ್ತಿಬಿಡಬೇಕು. ಮದುವೆಯಾಗಿ ಬಂದ ವರ್ಷದಿಂದ ಹಾಲಮ್ಮ ಆ ಬಾಣಲೆಯ ಮುಂದೆ ಕೂತವಳು. ಗಂಡ ತೀರಿಕೊಂಡು, ಮಗಳು ಗಂಡನ ಮನೆ ಸೇರಿದ ಮೇಲೆ ಅವಳ ಮನೆಯಲ್ಲಿ ಗೋಡೆ ಗಡಿಯಾರ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಭಟ್ಟಿಯಲ್ಲಾದರೆ ಬೆಂಕಿಯ ಸದ್ದು, ಮಂಡಕ್ಕಿಯ ಸದ್ದು, ಅದನ್ನೂ ಮೀರಿಸುವ ಹೆಂಗಸರ ಬಾಯಿ. ಅವಳಿಗೆ ಕೂಲಿಗಿಂತ ಆ ಗದ್ದಲವೇ ಬೇಕಾಗಿತ್ತು. ಭಟ್ಟಿಯ ಮಾಲೀಕ ಒಂದು ವಾರ ಕಾದ. ಆಮೇಲೆ ಲಾರಿಯವನ ಕೈಲಿ ಹೇಳಿಕಳಿಸಿದ: "ಒಲೆ ತಣ್ಣಗಿಡೋಕೆ ಆಗಲ್ಲ. ಅಮಾಸೆ ಒಳಗೆ ಬರ್ದಿದ್ರೆ ನಿನ್ನ ಜಾಗಕ್ಕೆ ಬೇರೆಯೋರನ್ನ ಕೂರಿಸ್ತೀನಿ."

ಅವಳ ಮನೆಯ ಎದುರಿಗೇ ಅಂಜಿನಪ್ಪನ ಸೈಕಲ್ ಶಾಪು. ಅದರ ಪಕ್ಕದ ಮನೆ ನನ್ನದು. ನಾನು ಆಚೆ ದಡದ ದರ್ಜಿ ಅಂಗಡಿಯಲ್ಲಿ ಕಾಜಾ ಹಾಕುವವನು, ಹಾಗಾಗಿ ನಾನೂ ಮನೆಯಲ್ಲೇ ಬಿದ್ದಿದ್ದೆ. ಬೋರ್ಡಿನ ಕೆಳಗೆ 'ಸೈಕಲ್ ಬಿಟ್ಟು' ಅಂತಲೂ ಬರೆದಿದ್ದರಿಂದ ಸೈಕಲ್ಲಿಗೂ ಸೇತುವೆಯ ಮೇಲೆ ಪ್ರವೇಶವಿರಲಿಲ್ಲ. ಪಂಚರು ಹಾಕಿಸಿಕೊಳ್ಳಲು ಒಂದು ನರಪಿಳ್ಳೆಯೂ ಬರದೆ ಅಂಜಿನಪ್ಪ ತನ್ನದೇ ಸೈಕಲ್ಲಿನ ಗಾಳಿ ಬಿಡುವುದು, ತಿರುಗಿ ಹೊಡೆಯುವುದು ಮಾಡುತ್ತಾ ಕೂತಿದ್ದ. ಹಾಲಮ್ಮ ಸೀದಾ ಹೋಗಿ ಅವನ ಮುಂದೆ ನಿಂತಳು.

"ಅಂಜಿನಪ್ಪ, ವಾಹನ ಅಂದ್ರೆ ಏನು?"

ಅಂಜಿನಪ್ಪ ಪಂಪು ಕೆಳಗಿಟ್ಟ. "ಗಾಲಿ ಇರ್ಬೇಕು. ಹಾರನ್ನು ಇರ್ಬೇಕು. ನಡೆಸೋನೊಬ್ಬ, ಕೂರೋರು ಒಂದಷ್ಟು ಜನ."

"ಮತ್ತೆ?"

"ಮತ್ತೆ ಬೋರ್ಡು" ಅಂದ ಅಂಜಿನಪ್ಪ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದವನ ಹಾಗೆ ಎದ್ದು ನಿಂತ.

ಮುಂದಿನ ನಾಲ್ಕೈದು ದಿನ ನಮ್ಮ ಬೀದಿಯಲ್ಲಿ ಯಾರೂ ಸುಮ್ಮನೆ ಕೂರಲಿಲ್ಲ. ಬಿದಿರಿನ ಗಳ ಕಟ್ಟಿ ಉದ್ದನೆಯ ಚೌಕಟ್ಟು ಮಾಡಿದರು. ಅದಕ್ಕೆ ನೀಲಿ ತಾಡಪಾಲು ಹೊದಿಸಿ, ಕಿಟಕಿಗಳನ್ನು ನಾನೇ ಕತ್ತರಿಸಿ ಅಂಚು ಹೊಲಿದೆ. ಮುಂದೆರಡು ಹಿಂದೆರಡು ಸೈಕಲ್ಲು ಬಿಗಿದರು, ತಳ್ಳಿದರೆ ಉರುಳುವ ಹಾಗೆ. ಕ್ಷೌರದಂಗಡಿಯ ಎರಡು ಕನ್ನಡಿ ಕಿವಿಯ ಹಾಗೆ ಆಚೀಚೆ ಬಂದವು. ಐಸ್‌ಕ್ಯಾಂಡಿಯವನ ರಬ್ಬರ್ ಹಾರನ್ನು ಬಂತು. ಅಷ್ಟಾದರೂ ಅದು ನೋಡುವವರ ಕಣ್ಣಿಗೆ ಮಳೆಗೆ ಹೆದರಿದ ಚಪ್ಪರದ ಹಾಗಿತ್ತು. ಕೊನೆಗೆ ಮೆಹಬೂಬ ಬಂದು ಹಣೆಯ ಮೇಲೆ ಬೋರ್ಡು ಬರೆದ: 'ಊರು – ಭಟ್ಟಿ ಸರ್ಕಲ್, ಮಾರ್ಗ: ಸೇತುವೆ.' ಕೊನೆಯ ಚುಕ್ಕೆ ಇಟ್ಟು ಅವನು ಏಣಿಯಿಂದ ಇಳಿದದ್ದೇ ತಡ, ಅಲ್ಲಿ ನಿಂತಿದ್ದ ಒಬ್ಬ ಮುದುಕಿ ಕೈಯಡ್ಡ ಮಾಡಿ, "ಸ್ವಲ್ಪ ನಿಲ್ಸಪ್ಪಾ!" ಎಂದು ಓಡಿಬಂದಳು.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಬಸ್ಸು ಹೊರಟಿತು. ಅಂಜಿನಪ್ಪ ಮುಂದಿನ ಸೈಕಲ್ಲಿನ ಹ್ಯಾಂಡಲ್ ಹಿಡಿದ ಡ್ರೈವರು. ಹಾಲಮ್ಮ ಹಿಂಬಾಗಿಲಲ್ಲಿ ಒಂದು ಕೈಲಿ ಗಳ ಹಿಡಿದು ನೇತಾಡುತ್ತಾ, ಅಂದರೆ ನೇತಾಡುವವಳ ಹಾಗೆ ನಡೆಯುತ್ತಾ, ಕಂಡಕ್ಟರು. ಒಳಗೆ ಇಪ್ಪತ್ತು ಮೂವತ್ತು ಜನ ಎರಡೆರಡು ಸಾಲಾಗಿ ಹೆಜ್ಜೆ ಹಾಕುತ್ತಿದ್ದೆವು. ನನಗೆ ಮೂರನೇ ಸಾಲಿನ ಕಿಟಕಿ ಸಿಕ್ಕಿತ್ತು. ಗೇಟಿನಲ್ಲಿ ಶಿವಯೋಗಿ ಬಾವುಟ ಅಡ್ಡ ಹಿಡಿದ. ಒಮ್ಮೆ ತನ್ನ ಬೋರ್ಡು ನೋಡಿದ, ಒಮ್ಮೆ ನಮ್ಮ ಬೋರ್ಡು ನೋಡಿದ.

"ಹಾರನ್ನು?" ಅಂದ ಶಿವಯೋಗಿ.

ಪೊಂಯ್, ಅಂದಿತು ಹಾರನ್ನು.

"ಕಂಡಕ್ಟರು?"

ಹಾಲಮ್ಮ ಎರಡು ಬೆರಳು ಬಾಯಿಗಿಟ್ಟು ಹೊಡೆದ ಸಿಳ್ಳಿಗೆ ಕಂಬದ ಮೇಲಿನ ಕಾಗೆಗಳೆಲ್ಲ ಎದ್ದವು. ಶಿವಯೋಗಿ ಅಡ್ಡಗಂಬ ಎತ್ತಿ, ನೆಟ್ಟಗೆ ನಿಂತು ಸಲ್ಯೂಟ್ ಹೊಡೆದ. ಹಾಲಮ್ಮ ಅವನ ಮುಂದೆ ಹಾದುಹೋಗುವಾಗ, ಮುಖ ತಿರುಗಿಸದೆ, "ರೈಟ್!" ಅಂದಳು. ಆ ಒಂದು ಮಾತನ್ನು ಅವಳು ಹೇಳಿದ ರೀತಿ ನೋಡಬೇಕಿತ್ತು. ಅವತ್ತು ಮಧ್ಯಾಹ್ನ ಭಟ್ಟಿಯಲ್ಲಿ ಅಷ್ಟು ದಿನಗಳ ಮೇಲೆ ಅವಳು ಎರಚಿದ ಅಕ್ಕಿ ಮತ್ತೆ ಅರಳಿದಾಗ, ಜೊತೆಯ ಹೆಂಗಸರೆಲ್ಲ ಕೇಕೆ ಹಾಕಿದರಂತೆ.

ಆಮೇಲೆ ದಿನಾ ಬಸ್ಸು. ಎಲ್ಲರೂ ನಡೆಯುವವರೇ ಆದರೂ ಸೀಟಿಗೆ ಜಗಳವಾಗುತ್ತಿತ್ತು. ಸೀಟು ಸಿಕ್ಕವರು ಕೂತವರ ಗತ್ತಿನಲ್ಲಿ ನಡೆಯುತ್ತಿದ್ದರು. ಸಿಗದವರು ನಿಂತವರ ಮುಖ ಮಾಡಿಕೊಂಡು ಮೇಲಿನ ಗಳಕ್ಕೆ ಜೋತುಬಿದ್ದು ನಡೆಯುತ್ತಿದ್ದರು. ಮುಂದಿನ ಸಾಲುಗಳು ಹೆಂಗಸರಿಗೆ ಅಂತ ಹಾಲಮ್ಮ ಕಟ್ಟುನಿಟ್ಟು ಮಾಡಿದಳು. ಸುಬ್ಬಣ್ಣ ಮೇಷ್ಟ್ರು ಹತ್ತಿದ ಕೂಡಲೇ ನಿದ್ದೆ ಹೋಗುತ್ತಿದ್ದರು. ಕಾಲು ಮಾತ್ರ ತಪ್ಪದೆ ಹೆಜ್ಜೆ ಹಾಕುತ್ತಿತ್ತು, ಕತ್ತು ಪಕ್ಕದವರ ಹೆಗಲ ಮೇಲೆ. ತಿರುವಿನಲ್ಲಿ ಕೆಲವರಿಗೆ ವಾಂತಿ ಬರುತ್ತಿತ್ತು, ಅವರಿಗೆ ನಿಂಬೆಹಣ್ಣು ಕೊಟ್ಟು ಕಿಟಕಿ ಪಕ್ಕಕ್ಕೆ ಬಿಡುತ್ತಿದ್ದೆವು. ಒಂದು ದಿನ ಪರವೂರಿನ ಗೃಹಸ್ಥರೊಬ್ಬರು ಟ್ರಂಕು ಹಿಡಿದು ಹತ್ತಿದರು. ಭಟ್ಟಿ ಸರ್ಕಲ್ಲಿನಲ್ಲಿ ಇಳಿದು, ಬೆವರು ಒರೆಸಿಕೊಂಡು, "ಗಾಡಿ ಸ್ವಲ್ಪ ನಿಧಾನ. ಆದ್ರೂ ನಿಮ್ಮೂರ ಬಸ್ಸು ಭಾಳ ಗಾಳಿ ಬೆಳಕು" ಅಂತ ಹೊಗಳಿ ಹೋದರು. ನಡೆದದ್ದು ತಾವೇ ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ.

ನಿಧಾನ ಅನ್ನುವುದು ಮಾತ್ರ ನಿಜ. ನಮ್ಮ ಹಿಂದೆ ಲಾರಿಗಳು, ಕಾರುಗಳು, ಹಾಲಿನ ವ್ಯಾನುಗಳು ಮದುವೆ ದಿಬ್ಬಣದ ಹಾಗೆ ಸಾಲುಗಟ್ಟುತ್ತಿದ್ದವು. ಅವರ ಹಾರನ್ನಿಗೆ ಅಂಜಿನಪ್ಪ ತನ್ನ ಹಾರನ್ನಿನಲ್ಲೇ ಉತ್ತರ ಕೊಡುತ್ತಿದ್ದ. ಪಾಪ, ಅವರಿಗೂ ಹೊತ್ತಿಗೆ ಸರಿಯಾಗಿ ಹೋಗಬೇಕಿತ್ತಲ್ಲ. ದೂರು ಹೋಯಿತು. ಹೆದ್ದಾರಿ ಆಫೀಸಿನಿಂದ ಚಂದ್ರಕಲಾ ಮೇಡಂ ಎಂಬ ಇನ್‌ಸ್ಪೆಕ್ಟರು ಬರುತ್ತಾರೆ, ಬಸ್ಸಿಗೆ ಎಫ್.ಸಿ., ಅಂದರೆ ಗಾಡಿ ಓಡಲು ತಕ್ಕದ್ದೋ ಅಂತ ಪರೀಕ್ಷೆ, ಮಾಡುತ್ತಾರೆ, ಅದರಲ್ಲಿ ಪಾಸಾಗದಿದ್ದರೆ ಸೇತುವೆಗೆ ಬಸ್ಸನ್ನು ಬಿಡುವ ಹಾಗಿಲ್ಲ ಎಂದು ಶಿವಯೋಗಿಯೇ ಸಪ್ಪೆ ಮುಖ ಮಾಡಿಕೊಂಡು ಬಂದು ಹೇಳಿದ. "ಮೇಡಂ ಒಳ್ಳೆಯೋರು ಅಕ್ಕ. ಆದ್ರೆ ರೂಲ್ಸು ಅಂದ್ರೆ ರೂಲ್ಸು."

"ಏನೇನು ನೋಡ್ತಾರಂತೆ?" ಅಂತ ಹಾಲಮ್ಮ ಕೇಳಿದಳು. ಬ್ರೇಕು, ಲೈಟು, ಹೊಗೆ, ಆಮೇಲೆ ರಿವರ್ಸು ಅಂತ ಅವನು ಹೇಳಿದ.

ರಿವರ್ಸು! ಅಲ್ಲಿಯವರೆಗೆ ನಮ್ಮ ಬಸ್ಸು ಹಿಂದಕ್ಕೆ ಹೋದದ್ದೇ ಇಲ್ಲ. ಶಾಲೆಯ ಮೈದಾನದಲ್ಲಿ ಅಭ್ಯಾಸ ಶುರುವಾಯಿತು. ಅಷ್ಟೂ ಜನ ಒಟ್ಟಿಗೆ ಹಿಂದಕ್ಕೆ ಹೆಜ್ಜೆ ಹಾಕುವುದೆಂದರೆ ಏನು ಅಂತ ಮಾಡಿದವರಿಗೇ ಗೊತ್ತು. ಹಿಂದಿನವರ ಕಾಲು ಮುಂದಿನವರು ತುಳಿದರು, ಮುಂದಿನವರ ಜಡೆ ಹಿಂದಿನವರ ಬಾಯಿಗೆ ಹೋಯಿತು. ನಾವು ನಕ್ಕು ನಕ್ಕು ಮಣ್ಣಿನಲ್ಲಿ ಹೊರಳಾಡಿದರೂ ಹಾಲಮ್ಮ ಮಾತ್ರ ನಗುತ್ತಿರಲಿಲ್ಲ. "ನಗ್ರಿ ನಗ್ರಿ. ನಾಳೆ ಮನೇಲಿ ಕೂತ್ಕೊಂಡೂ ನಗ್ರಂತೆ" ಅಂದಳು. ನಾವು ಎದ್ದು ಮೈ ಕೊಡವಿಕೊಂಡು ಮತ್ತೆ ಸಾಲು ಹಿಡಿದೆವು.

ಚಂದ್ರಕಲಾ ಮೇಡಂ ಖಾಕಿ ಸೀರೆಯುಟ್ಟು, ಬಾಯಲ್ಲೊಂದು ಲವಂಗ ಕಚ್ಚಿಕೊಂಡು ಬಂದರು. ಮುಖದ ಮೇಲೆ ಒಂದು ಗೆರೆಯೂ ಅಲುಗದ ಹೆಂಗಸು. ಬಸ್ಸಿನ ಸುತ್ತ ಒಂದು ಸುತ್ತು ಬಂದರು. ಬೋರ್ಡು ಓದಿದರು. "ಬಸ್ಸೇ" ಅಂದರು. ನಮಗೆ ಅರ್ಧ ಜೀವ ಬಂತು. ಪರೀಕ್ಷೆ ಸೇತುವೆಯ ಮೇಲೆಯೇ ಆಗಬೇಕು ಅಂದರು. ಸರಿ, ಹೊರಟೆವು.

ನಡುಸೇತುವೆಯಲ್ಲಿ "ಬ್ರೇಕ್!" ಅಂತ ಕೂಗಿದರು. ಎಲ್ಲರೂ ಒಂದೇ ಏಟಿಗೆ ನಿಂತೆವು. ಅಷ್ಟೂ ಮೂಗುಗಳು ಅಷ್ಟೂ ಬೆನ್ನುಗಳಿಗೆ ಬಡಿದವು, ಆದರೆ ಬಸ್ಸು ನಿಂತಿತು. "ಲೈಟ್!" ನಾಲ್ಕು ಟಾರ್ಚು ಹೊತ್ತಿಕೊಂಡವು. "ಬಲಕ್ಕೆ ಇಂಡಿಕೇಟರ್!" ಹಾಲಮ್ಮ ಬಲಗಿಟಕಿಯಿಂದ ಕೈ ಚಾಚಿ ಕೆಂಪು ಬಳೆಗಳನ್ನು ಗಲಗಲ ಅಲ್ಲಾಡಿಸಿದಳು. ಮೇಡಂ ತಲೆಯಾಡಿಸಿದರು. "ಹೊಗೆ" ಅನ್ನುತ್ತಾ ಹಿಂದಕ್ಕೆ ಬಂದು ಬಗ್ಗಿದರು. ಹಿಂದಿನ ಸಾಲಿನಲ್ಲಿ ಯಂಕಣ್ಣಜ್ಜ ಬೀಡಿ ಸೇದುತ್ತಾ ಕೂತಿದ್ದ, ಅಂದರೆ ಕೂತವನ ಹಾಗೆ ನಿಂತಿದ್ದ. ಹಾಲಮ್ಮ ಕಣ್ಣು ಬಿಟ್ಟಳು ನೋಡಿ, ಅಜ್ಜ ಬೀಡಿಯನ್ನು ಅಂಗೈಯಲ್ಲಿ ಮುಚ್ಚಿ, ಎಳೆದ ಹೊಗೆಯನ್ನು ಹೊರಗೆ ಬಿಡದೆ ಬಾಯಿ ಬಿಗಿಹಿಡಿದ. ಅವನ ಮುಖ ಮೊದಲು ಕೆಂಪಾಯಿತು, ಆಮೇಲೆ ನೇರಳೆಯಾಯಿತು. ಮೇಡಂ ಒಂದೆರಡು ಗಳಿಗೆ ಅವನನ್ನೇ ನೋಡಿ, "ಹೊಗೆ ಇಲ್ಲ" ಅಂದು ಮುಂದಕ್ಕೆ ಹೋದರು.

"ರಿವರ್ಸ್!"

ಅಂಜಿನಪ್ಪ ಹಾರನ್ನು ಒತ್ತಿದ. ಮೊದಲ ಹೆಜ್ಜೆ ಸರಿಯಾಗಿ ಬಿತ್ತು. ಎರಡನೆಯದೂ ಬಿತ್ತು. ಮೂರನೆಯ ಹೆಜ್ಜೆಗೆ ಯಂಕಣ್ಣಜ್ಜ ತಡೆಯಲಾರದೆ ಇಷ್ಟು ಹೊತ್ತು ಹಿಡಿದಿಟ್ಟಿದ್ದನ್ನೆಲ್ಲ ಒಟ್ಟಿಗೆ ಕೆಮ್ಮಿದ. ಆ ಕೆಮ್ಮಿಗೆ ಮೇಷ್ಟ್ರಿಗೆ ನಿದ್ದೆ ಹಾರಿ, "ಭಟ್ಟಿ ಸರ್ಕಲ್ ಬಂತಾ?" ಎಂದು ಗಾಬರಿಯಿಂದ ಮುಂದಕ್ಕೆ ನಡೆದರು. ಹಿಂದಕ್ಕೆ ಹೋಗುವವರು, ಮುಂದಕ್ಕೆ ಹೋಗುವವರು ಒಂದೇ ಜಾಗದಲ್ಲಿ ಸೇರಿದರು. ಅಂಜಿನಪ್ಪನ ಸೈಕಲ್ಲಿನ ಚೈನು ಕಳಚಿತು, ಗಳ ಲಟಕ್ಕೆಂದಿತು, ಬಸ್ಸು ಒಂದು ಮಗ್ಗುಲಿಗೆ ವಾಲಿ, ಇಡೀ ತಾಡಪಾಲು ನಮ್ಮ ತಲೆಯ ಮೇಲೆ ಕುಸಿಯಿತು. ಕತ್ತಲಲ್ಲಿ ಯಾರ ಮೊಣಕೈ ಯಾರ ಹೊಟ್ಟೆಗೆ ಹೋಗಿತ್ತೋ! ಯಾರೋ ಒಬ್ಬರು ಕಿಸಕ್ಕೆಂದರು. ಅಷ್ಟೇ ಸಾಕಾಯಿತು. ತಾಡಪಾಲಿನಡಿ ಇಡೀ ಬಸ್ಸೇ ನಗತೊಡಗಿತು. ಹೊರಗೆ ನಿಂತವರಿಗೆ ಒಂದು ದೊಡ್ಡ ನೀಲಿ ಹೊಟ್ಟೆ ಕುಲುಕಿ ಕುಲುಕಿ ನಕ್ಕ ಹಾಗೆ ಕಾಣಿಸಿತಂತೆ.

ನಾವು ತೆವಳಿಕೊಂಡು ಹೊರಗೆ ಬಂದಾಗ ಹಾಲಮ್ಮ ರಸ್ತೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಕೈಯಲ್ಲಿ ಮುರಿದ ಗಳದ ತುಂಡು. ಅವಳ ಮುಖ ನೋಡಿದ ಮೇಲೆ ನಾವು ನಗು ನಿಲ್ಲಿಸಿದೆವು.

"ಎಫ್.ಸಿ. ಫೇಲು" ಅಂದರು ಚಂದ್ರಕಲಾ ಮೇಡಂ. "ಈ ಬಸ್ಸು ಮುಂದಕ್ಕೆ ಹೋಗೋ ಹಾಗಿಲ್ಲ."

"ಆಯ್ತು ತಾಯಿ" ಅಂದಳು ಹಾಲಮ್ಮ. ಕಣ್ಣು ತುಂಬಿದ್ದರೂ ಬಾಯಿ ಸೋತಿರಲಿಲ್ಲ. "ಹೋಗಲ್ಲ. ಹಿಂದಕ್ಕೂ ಹೋಗಲ್ಲ, ನೀವೇ ನೋಡಿದ್ರಲ್ಲ. ಈಗ ನಾವಿಷ್ಟು ಜನ ಏನ್ ಮಾಡ್ಬೇಕು? ನಡ್ಯಂಗಿಲ್ಲ, ಹಾರಕೆ ರೆಕ್ಕೆ ಇಲ್ಲ. ಹೊಳೀಗೆ ಹಾರಾನಾ?"

"ಹಾರೋ ಹಾಗಿಲ್ಲ" ಅಂದರು ಮೇಡಂ. "ವಾಹನ ಸೇತುವೆ ಮೇಲೆ ಕೆಟ್ಟು ನಿಂತ್ರೆ ಅದರ ಪ್ರಯಾಣಿಕರು ಇಳಿದು, ಅಂಚು ಹಿಡಿದು ನಡ್ಕೊಂಡು ಹೋಗ್ಬೇಕು. ಯಾವ ಕಡೆಗಾದ್ರೂ ಸರಿ."

"ನಡ್ಕೊಂಡು ಹೋಗ್ಬೌದಾ?"

"ಬೌದು ಅಲ್ಲ. ಹೋಗ್ಲೇಬೇಕು. ರೂಲ್ಸು."

ಹಾಲಮ್ಮ ನಿಧಾನಕ್ಕೆ ಕಾಲು ಮಡಚಿದಳು. ಕಣ್ಣೊರೆಸಿಕೊಂಡಳು. "ಮತ್ತೆ ಬಸ್ಸಲ್ಲಿ ಏನಾರ ಮರ್ತು ಹೋಗಿದ್ರೆ? ಛತ್ರಿ, ಗಿತ್ರಿ?"

"ವಾಪಸ್ ಬಂದು ತಗೊಂಡು ಹೋಗ್ಬೋದು."

"ಯಾವತ್ತಾದ್ರೂ?"

"ಬಸ್ಸು ಇರೋವರೆಗೂ."

"ಬಸ್ಸು ಎಲ್ಲಿವರ್ಗೂ ಇರ್ಬೋದು?"

"ರಿಪೇರಿ ಆಗೋವರೆಗೂ. ಡ್ರೈವರು ಜೊತೇಲೇ ಇರ್ಬೇಕು. ಸುತ್ತ ಜಾಗ ಬಿಟ್ಟು ಅಡ್ಡ ಕಟ್ಟಬೇಕು, ಬೇರೆ ಗಾಡಿ ಬಂದು ಗುದ್ದದ ಹಾಗೆ." ಮೇಡಂ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. ಅವರ ತುಟಿ ಅಲುಗಿದ್ದು ಅದಕ್ಕೋ ಬೇರೆ ಯಾವುದಕ್ಕೋ ನನಗೆ ಇವತ್ತಿಗೂ ತಿಳಿಯದು.

ಹಾಲಮ್ಮ ಡ್ರೈವರಿನ ಕಡೆ ತಿರುಗಿದಳು. "ಅಂಜಿನಪ್ಪ, ರಿಪೇರಿ ಎಷ್ಟು ದಿನ ಹಿಡಿತೈತೆ?"

ಅಂಜಿನಪ್ಪ ಕಣ್ಣು ಮುಚ್ಚಿಕೊಂಡು ಚೈನು ಹಾಕುವ ಮನುಷ್ಯ. ಅವನ ಕೈ ಅಷ್ಟು ಹೊತ್ತಿಗಾಗಲೇ ಚೈನಿನ ಹತ್ತಿರ ಹೋಗಿತ್ತು. ಅದನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಸೊಂಟದ ಮೇಲೆ ಕೈಯಿಟ್ಟು ಬಸ್ಸನ್ನು ಮೇಲಿಂದ ಕೆಳಗೆ ನೋಡಿದ. "ಅಕ್ಕ," ಅಂದ, "ಇದು ಭಾಳ ದೊಡ್ಡ ರಿಪೇರಿ. ಇದರ ಸಾಮಾನು ಎಲ್ಲೂ ಸಿಗಲ್ಲ."

ಹಾಲಮ್ಮ ಎದ್ದಳು. ಅವಳ ನಗು ಹೊಟ್ಟೆಯೊಳಗೆ ಎಲ್ಲೋ ಶುರುವಾಗಿ, ಹೆಗಲಿಗೆ ಬಂದು, ಬಳೆಗಳನ್ನು ಅಲ್ಲಾಡಿಸಿ, ಕೊನೆಗೆ ಬಾಯಿಗೆ ಬಂತು. ಅವಳು ಅಂಚಿನ ಕಂಬಿ ಹಿಡಿದು ಆಚೆ ದಡದ ಕಡೆಗೆ ನಡೆದಳು. ನಾವು ಹಿಂದೆ ಹೋದೆವು. ಇಷ್ಟು ದಿನ ತಾಡಪಾಲಿನೊಳಗೆ ಮುಂದಿನವರ ಬೆನ್ನು ನೋಡಿಕೊಂಡು, ಹೆಚ್ಚೆಂದರೆ ಕಿಟಕಿಯಲ್ಲಿ ಇಣುಕಿಕೊಂಡು ಸೇತುವೆ ದಾಟಿದ್ದೆವೇ ಹೊರತು ಮೇಲಿನಿಂದ ಹೊಳೆ ಹೇಗಿದೆ ಅಂತ ಯಾರೂ ಸರಿಯಾಗಿ ಕಂಡಿರಲಿಲ್ಲ. ಕೆಳಗೆ ಅದು ಬಿಸಿಲು ಹೊದ್ದು ಹರಿಯುತ್ತಿತ್ತು. ಗಾಳಿ ಎಷ್ಟಿತ್ತೆಂದರೆ ಹೆಂಗಸರ ಸೆರಗು ಹಿಡಿತಕ್ಕೆ ಸಿಗುತ್ತಿರಲಿಲ್ಲ. ಮೇಷ್ಟ್ರಂತೂ ಪೂರ್ತಿ ಎಚ್ಚರವಾಗಿ, "ಏನ್ರಯ್ಯ, ಇಷ್ಟಗಲ ಐತೆ!" ಎಂದು ಎರಡೂ ಕೈ ಚಾಚಿ ತೋರಿಸಿದರು. ಹಾಲಮ್ಮ ಸುಮ್ಮನೆ ನಡೆಯಲಾರದೆ ಓಡತೊಡಗಿದಳು. ಐವತ್ತು ದಾಟಿದ ಹೆಂಗಸು, ಭಟ್ಟಿಯ ಮಸಿ ಹಿಡಿದ ಸೀರೆಯನ್ನು ಎರಡು ಕೈಲಿ ಎತ್ತಿ ಹಿಡಿದು, ಸೇತುವೆಯ ಆ ತುದಿಯವರೆಗೂ ಒಂದೇ ಓಟ ಓಡಿದಳು. ಅಲ್ಲಿ ನಿಂತು ಏದುಸಿರು ಬಿಡುತ್ತಾ, ಏನೋ ನೆನಪಾದವಳ ಹಾಗೆ ಹಣೆ ತಟ್ಟಿಕೊಂಡು, "ಅಯ್ಯೋ, ನನ್ನ ಎಲಡಿಕೆ ಚೀಲ ಬಸ್ಸಲ್ಲೇ ಬಿಟ್ಟೆ!" ಎಂದು ಕೂಗಿ ಪುನಃ ಅಷ್ಟೂ ದೂರ ಓಡಿಬಂದಳು.

ಅಲ್ಲಿಂದ ಮುಂದೆ ನಮ್ಮೂರಿನವರಷ್ಟು ಮರೆಗುಳಿ ಜನ ಎಲ್ಲೂ ಇಲ್ಲವೆಂದಾಯಿತು. ಕೆಟ್ಟ ಬಸ್ಸನ್ನು ಅಂಚಿಗೆ ಎಳೆದು, ಮೇಡಂ ಹೇಳಿದ ಸುತ್ತಲಿನ ಜಾಗ ಅಂತ ಸೇತುವೆಯ ಉದ್ದಕ್ಕೂ ಸುಣ್ಣ ಬಳಿದ ಕಲ್ಲುಗಳನ್ನಿಟ್ಟು ಅಡ್ಡ ಕಟ್ಟಿದರು. ಬೆಳಿಗ್ಗೆ ಗೇಟಿನ ಮುಂದೆ ಸಾಲು ನಿಂತು ಒಬ್ಬೊಬ್ಬರೂ ಶಿವಯೋಗಿಗೆ ಹೇಳುತ್ತಿದ್ದೆವು: ಬಸ್ಸಲ್ಲಿ ಕನ್ನಡಕ ಬಿಟ್ಟಿದ್ದೀನಿ, ಚಪ್ಪಲಿ ಬಿಟ್ಟಿದ್ದೀನಿ, ಹಲ್ಲುಸೆಟ್ಟು ಬಿಟ್ಟಿದ್ದೀನಿ. ಶಿವಯೋಗಿ ಕಳವಳದಿಂದ, "ಬೇಗ ಹೋಗ್ರಿ, ಯಾರಾದ್ರೂ ತಗೊಂಡಾರು" ಎಂದು ಬಿಡುತ್ತಿದ್ದ. ಬಸ್ಸಿನ ಹತ್ತಿರ ಹೋದ ಮೇಲೆ ನಾವು ಕೆಟ್ಟ ಬಸ್ಸಿನ ಪ್ರಯಾಣಿಕರು, ಆಚೆ ದಡಕ್ಕೆ ನಡೆಯಲೇಬೇಕಾದವರು. ಸೈಕಲ್ಲುಗಳು ಬಸ್ಸಿನ ಬಿಡಿಭಾಗಗಳಾದವು. ರಿಪೇರಿಗೆ ಗಾಲಿ ಒಯ್ಯುತ್ತಿದ್ದೇವೆ ಅಂದರೆ ಸಾಕು. ಆ ಗಾಲಿಯ ಮೇಲೆ ಕೂತು ಒಯ್ಯಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಪಕ್ಕದಲ್ಲಿ ಲಾರಿಗಳು ತಮ್ಮ ಪಾಡಿಗೆ ತಾವು ಬರ್ರನೆ ಹೋಗುತ್ತಿದ್ದವು, ಆ ಡ್ರೈವರುಗಳೂ ಈಗ ಕೈಬೀಸುತ್ತಿದ್ದರು. ಬಸ್ಸಿನ ಜೊತೆಯಲ್ಲೇ ಇರಬೇಕಾದ ಅಂಜಿನಪ್ಪ ಸೇತುವೆಯ ನಡುವೆ ಪಂಪು, ಸೊಲ್ಯೂಷನ್ನು, ನೀರಿನ ಬಾನಿ ಇಟ್ಟುಕೊಂಡು ಕೂತ. ಪಂಚರಿನವರು ಸಾಲುಗಟ್ಟಿದರು. ಬಸ್ಸೊಂದು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಅವನು ರಿಪೇರಿ ಮಾಡಿದ. ಸಂಜೆ ಭಟ್ಟಿಯಿಂದ ಬರುವಾಗ ಹಾಲಮ್ಮ ಬಿಸಿ ಮಂಡಕ್ಕಿಯ ಪೊಟ್ಟಣ ತಂದು ಅವನ ಮುಂದಿಟ್ಟು, "ಏನಂತೈತೆ ಗಾಡಿ?" ಅಂತ ವಿಚಾರಿಸುತ್ತಿದ್ದಳು. "ಇನ್ನೂ ಹಂಗೇ ಐತಕ್ಕ" ಅಂತ ಅವನು ನಿಟ್ಟುಸಿರು ಬಿಡುತ್ತಿದ್ದ. ಇಬ್ಬರೂ ಕಂಬಿಗೊರಗಿ ಮಂಡಕ್ಕಿ ತಿನ್ನುತ್ತಿದ್ದರು.

ಮಾಘದಲ್ಲಿ ಮೆಹಬೂಬನ ತಂಗಿಗೆ ಆಚೆ ದಡದ ಹುಡುಗನ ಜೊತೆ ಮದುವೆ ಗೊತ್ತಾಯಿತು. ಹೆಣ್ಣಿನ ಕಡೆಯ ದಿಬ್ಬಣ ಸೇತುವೆಯ ಮೇಲೆ ಹೋಗಬೇಕು. ನೆಂಟರು, ಬಂಧುಗಳು, ಬೀದಿಯವರು, ಅಡುಗೆಯವರು, ಸಾಲದ್ದಕ್ಕೆ ಬ್ಯಾಂಡಿನವರು. ಎಲ್ಲರ ಮುಂದೆ ಹೊಸ ಸೀರೆಯುಟ್ಟ ಹಾಲಮ್ಮ. ಗೇಟಿನ ಈಚೆ ಕಣ್ಣು ಹಾಯುವಷ್ಟು ದೂರವೂ ತಲೆಗಳೇ. ಯಾವತ್ತೂ ಅನುಮಾನ ಪಡದ ಶಿವಯೋಗಿ ಅವತ್ತು ಮೊದಲ ಬಾರಿಗೆ ಬಾವುಟ ಅಡ್ಡ ಹಿಡಿದು ಕತ್ತು ಉದ್ದ ಮಾಡಿ ನೋಡಿದ. ಬ್ಯಾಂಡು ನಿಂತಿತು. ಮದುಮಗಳು ಮುಸುಕಿನೊಳಗಿಂದ ಇಣುಕಿದಳು.

"ಅಕ್ಕಾರೆ, ತಪ್ಪು ತಿಳ್ಕಬ್ಯಾಡ್ರಿ" ಅಂದ. "ಇಷ್ಟೂ ಜನ ಆ ಒಂದೇ ಬಸ್ಸಿನೋರಾ?"

"ಮತ್ತೆ?" ಅಂದಳು ಹಾಲಮ್ಮ. "ಅದಕ್ಕೇ ಅಲ್ವೇನಪ್ಪ ಅದು ಕೆಟ್ಟಿದ್ದು!"

ಶಿವಯೋಗಿ ಯೋಚಿಸಿದ. ಸರಿಯಾದ ಮಾತು ಅನ್ನಿಸಿರಬೇಕು. ಬಾವುಟ ಸುತ್ತಿ ಕಂಕುಳಲ್ಲಿಟ್ಟುಕೊಂಡು ಅಡ್ಡಗಂಬ ಎತ್ತಿದ, ಬ್ಯಾಂಡಿನವರು ಒಮ್ಮೆಗೇ ಬಾರಿಸತೊಡಗಿದರು.